ಗ್ರಿಂಡಲನ ನಾಲಿಗೆ

ವಾಪಿಂಗಿನ ಹೊಳೆದಂಡೆಯ ಮೇಲೆ ಬದುಕುವವರಿಗೆಲ್ಲ ಏನಾದರೊಂದು ಹೆಮ್ಮೆ ಇದ್ದೇ ಇರುತ್ತದೆ. ಬೇರೆ ಆಸ್ತಿ ಇಲ್ಲದ ಕಡೆ ಅದಾದರೂ ಇರಬೇಕಲ್ಲ. ನನ್ನ ಪಕ್ಕದ ಮನೆಯ ಮುದುಕಿಗೆ, ತನ್ನ ಗಂಡ ಮೂರು ಸಲ ಹಡಗು ಒಡೆದರೂ ಬದುಕಿ ಬಂದ ಎಂಬ ಹೆಮ್ಮೆ. ನಾಲ್ಕನೆಯ ಸಲದ ಮಾತನ್ನು ಆಕೆ ಎತ್ತುವುದಿಲ್ಲ. ಒಬದಾಯ ಗ್ರಿಂಡಲನಿಗೆ ತನ್ನ ನಾಲಿಗೆಯ ಬಗ್ಗೆ ಹೆಮ್ಮೆ.

ಅವನು ಹುಟ್ಟಿದ್ದು ಶಾಡ್‌ವೆಲ್ಲಿನಲ್ಲಿ, ಕಲ್ಲಿದ್ದಲು ಹೊರುವವನ ಮಗನಾಗಿ. ದೊಡ್ಡವನಾಗಿ ಸಕ್ಕರೆ ಹಡಗುಗಳಲ್ಲಿ ಹಮಾಲಿಯಾದ. ಜಮೈಕಾದಿಂದ, ಆಂಟಿಗುವಾದಿಂದ ಬರುವ ಹಡಗುಗಳ ಹೊಟ್ಟೆಯೊಳಗೆ ಇಳಿದು ಆಳೆತ್ತರದ ಪೀಪಾಯಿಗಳನ್ನು ಉರುಳಿಸುವ ಕೆಲಸ. ಇಪ್ಪತ್ತೈದು ವರ್ಷ ಅದೇ ಕತ್ತಲು, ಅದೇ ಸಿಹಿ ಬೆವರು. ಅಷ್ಟರಲ್ಲಿ ಅವನ ನಾಲಿಗೆಗೆ ಒಂದು ವಿದ್ಯೆ ಹತ್ತಿತು. ಒಂದು ಚಿಟಿಕೆ ಸಕ್ಕರೆ ಇಟ್ಟರೆ ಸಾಕು, ಯಾವ ದ್ವೀಪದ್ದು, ಪೀಪಾಯಿಗೆ ನೀರು ನುಗ್ಗಿತ್ತೋ ಇಲ್ಲವೋ, ಪಕ್ಕದಲ್ಲಿ ಕಾಫಿ ಮೂಟೆ ಇತ್ತೋ ಮೆಣಸಿನ ಮೂಟೆಯೋ, ಎಲ್ಲ ಹೇಳುತ್ತಿದ್ದ. ಹೇಳುವ ಮೊದಲು ಕಣ್ಣು ಮುಚ್ಚಿ ಬಲಗೈಯ ಒಂದು ಬೆರಳು ಎತ್ತುವನು. ಬೆರಳು ಇಳಿಯುವ ತನಕ ಹೆಂಡದಂಗಡಿಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಬಿಷಪ್ಪರಿಗೂ ಅಷ್ಟು ನಿಶ್ಶಬ್ದ ಸಿಗುತ್ತಿತ್ತೋ ಇಲ್ಲವೋ. ನಿಜ ಹೇಳಬೇಕೆಂದರೆ, ಅವನು ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಹಮಾಲಿಗಳಲ್ಲಿ ಒಂದು ಪದ್ಧತಿಯಿತ್ತು. ಪೀಪಾಯಿಗಳೆಲ್ಲ ಇಳಿದ ಮೇಲೆ ಹಡಗಿನ ತಳದಲ್ಲಿ ಸೋರಿ ಬಿದ್ದ ಸಕ್ಕರೆ ಗುಡಿಸಿದವನಿಗೇ ಸೇರಿದ್ದು. ಕೆಸರು, ಇಲಿಯ ಕೂದಲು, ಹಲಗೆಯ ಸಿಬಿರು ಎಲ್ಲ ಬೆರೆತ ಬೂದು ಬಣ್ಣದ ಸಕ್ಕರೆ. ಅದಕ್ಕೆ ‘ತಳದ್ದು’ ಎನ್ನುತ್ತಿದ್ದರು. ಅಜ್ಜಂದಿರ ಕಾಲದಿಂದ ನಮ್ಮ ಓಣಿಯ ಮಕ್ಕಳೆಲ್ಲ ಬೆಳೆದದ್ದು ತಳದ್ದು ತಿಂದೇ.

ಆ ವರ್ಷ, ಸಾವಿರದ ಏಳುನೂರ ತೊಂಬತ್ತೆಂಟರಲ್ಲಿ, ಹೊಳೆಗೆ ಪೊಲೀಸರು ಬಂದರು. ಹಡಗು ಇಳಿದು ಬರುವ ಪ್ರತಿಯೊಬ್ಬ ಹಮಾಲಿಯ ಜೇಬು, ಟೋಪಿ, ಕಾಲುಚೀಲ ತಡವಿ ನೋಡುವುದು ಅವರ ಕೆಲಸ. ಕಳ್ಳತನದ ಒಳಸುಳಿ ಗೊತ್ತಿರುವವರು ಬೇಕೆಂದು ಕೇಳಿದಾಗ ಗ್ರಿಂಡಲ್ ಹೋಗಿ ನಿಂತ. ತೆಗೆದುಕೊಂಡರು. ಸೊಂಟಕ್ಕೊಂದು ಮೋಟು ಕತ್ತಿ ಬಂತು. ಹೆಂಡತಿ ಡಾರ್ಕಸ್ ಹಳೆಯ ನೀಲಿ ಕೋಟಿಗೆ ಹಿತ್ತಾಳೆ ಗುಂಡಿ ಹೊಲಿದುಕೊಟ್ಟಳು. ಮೊದಲ ದಿನ ಅವನು ಬೀದಿಯಲ್ಲಿ ನಡೆದ ರೀತಿ ನೋಡಿದರೆ ಇಡೀ ಹೊಳೆಯನ್ನು ಅವನ ಹೆಸರಿಗೆ ಬರೆದುಕೊಟ್ಟಂತಿತ್ತು. ಹಳೆಯ ಜೊತೆಗಾರರು ಅವನು ಹೋದ ಕಡೆಯೆಲ್ಲ ಉಗುಳಿದರು. ನನ್ನ ಕಡೆಗೂ ಒಂದೆರಡು ಹನಿ ಬಿದ್ದಿರಬೇಕು, ಯಾಕೆಂದರೆ ಅವನ ಪೊಲೀಸ್ ದೋಣಿಯ ನಾಲ್ಕು ಹುಟ್ಟುಗಳಲ್ಲಿ ಒಂದು ನನ್ನದು.

ಹೊಸ ನಿಯಮ ಹೀಗಿತ್ತು. ತಳದ್ದು ಒಯ್ಯುವುದೂ ತಪ್ಪೇ, ಸಿಕ್ಕಿಬಿದ್ದರೆ ಒಂದು ತಿಂಗಳು ಒಳಗೆ. ಆದರೆ ಪೀಪಾಯಿ ಒಡೆದು ತೆಗೆದಿದ್ದರೆ ಅದು ದೊಡ್ಡ ಕಳ್ಳತನ, ಏಳು ವರ್ಷ ಸಮುದ್ರದಾಚೆ ಗಡಿಪಾರು. ನ್ಯೂ ಸೌತ್ ವೇಲ್ಸಿಗೆ ಹೋದವರ ಕಾಗದ ಬಂದದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಹಾಗಾಗಿ ತಳದ್ದೋ ಪೀಪಾಯಿದೋ ಎಂದು ಹೇಳಬಲ್ಲ ನಾಲಿಗೆಗೆ ಒಮ್ಮೆಲೇ ಬೆಲೆ ಬಂತು. ಬೂದು ಸಕ್ಕರೆಯಾದರೆ ಯಾರಾದರೂ ಹೇಳಿಯಾರು. ಕಣ್ಣಿಗೆ ಅನುಮಾನ ಬಂದಾಗಲೆಲ್ಲ ಪೊಲೀಸ್ ಕಚೇರಿಯ ನ್ಯಾಯಾಧೀಶರು, “ಗ್ರಿಂಡಲನ್ನ ಕರೀರಿ” ಎನ್ನುತ್ತಿದ್ದರು.

ಅಕ್ಟೋಬರಿನ ಒಂದು ಬೆಳಿಗ್ಗೆ ಕಲ್ಲಿದ್ದಲ ಹಡಗೊಂದರವರಿಗೆ ಎಚ್ಚರಿಕೆ ಹೇಳಲು ಗ್ರಿಂಡಲ್ ದೋಣಿಯಲ್ಲಿ ಎದ್ದು ನಿಂತ.

“ಕೂತ್ಕೊಂಡೇ ಹೇಳು, ಅವರಿಗೆ ಕೇಳ್ಸತ್ತೆ” ಎಂದೆ.

“ಕಾನೂನನ್ನ ಕೂತ್ಕೊಂಡು ಹೇಳೋಕಾಗತ್ತಾ?” ಎಂದ. ಎರಡನೆಯ ವಾಕ್ಯಕ್ಕೆ ಬರುವ ಮೊದಲೇ ಕಾನೂನು ಹೊಳೆಯಲ್ಲಿತ್ತು. ನಾಲ್ವರು ಸೇರಿ ಎಳೆದು ಹಾಕಿದೆವು.

ಅದರಿಂದ ಶೀತ ಹಿಡಿಯಿತು. ಸಾಸಿವೆ ಬೆರೆಸಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂತ, ಮೂಗಿಗೆ ಹಂದಿಕೊಬ್ಬು ಸವರಿಸಿಕೊಂಡ. ಏನೂ ಆಗಲಿಲ್ಲ. ಮೂರನೆಯ ದಿನ ಡಾರ್ಕಸ್ ಕೊಟ್ಟ ಹಸಿ ಈರುಳ್ಳಿಯನ್ನು ಸೇಬಿನ ಹಾಗೆ ಕಚ್ಚಿ ತಿಂದ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ:

“ಏನೂ ಗೊತ್ತಾಗ್ತಿಲ್ಲ ಕಣೋ. ಮರಳು ತಿಂದ ಹಾಗಿದೆ. ಈ ಮಾತು ದೋಣಿಯಲ್ಲೇ ಇರ್ಲಿ.”

ನಾನು ಹೂಂ ಎಂದೆ. ಒಬ್ಬನ ಮೂಗು ಕಟ್ಟಿದ ಸುದ್ದಿ ಯಾರಿಗೆ ಬೇಕಿತ್ತು?

ಮರುದಿನ ಮಧ್ಯಾಹ್ನ ನಾಲ್ಕಕ್ಕೆ ‘ಹೋಪ್‌ವೆಲ್’ ಹಡಗಿನ ಹಮಾಲಿಗಳು ದಂಡೆಗೆ ಇಳಿದರು. ಅವರಲ್ಲಿ ರೂಬೆನ್ ಟಾಮ್ಲಿನ್ ಇದ್ದ. ಗ್ರಿಂಡಲನ ಜೊತೆ ಹನ್ನೊಂದು ವರ್ಷ ಒಂದೇ ಹಡಗಿನ ತಳದಲ್ಲಿ ದುಡಿದವನು, ಅವನ ಮೇಲೆ ಉಗುಳದೆ ಉಳಿದಿದ್ದ ಒಬ್ಬನೇ ಹಳೆಯ ಗೆಳೆಯ. ಮೆಟ್ಟಿಲನ್ನು ಮೊಣಕಾಲು ಮಡಿಸದೆ ಹತ್ತುತ್ತಿದ್ದ.

“ಯಾಕೋ ರೂಬೆನ್, ಮರದ ಕಾಲು ಹಾಕಿಸ್ಕೊಂಡ್ಯಾ?” ಎಂದ ಗ್ರಿಂಡಲ್.

“ಮಂಡಿನೋವು.”

“ನೋವಿಂದ ಸಕ್ಕರೆ ಸೋರೋದು ಇದೇ ಮೊದ್ಲು ನೋಡ್ತಿರೋದು.” ರೂಬೆನ್ ಹತ್ತಿದ ಮೆಟ್ಟಿಲುಗಳ ಮೇಲೆ ಸಣ್ಣಗೆ ಸಕ್ಕರೆ ಸುರಿದಿತ್ತು. ಎರಡೂ ತೊಡೆಗೆ ಉದ್ದನೆಯ ಬಟ್ಟೆಚೀಲ ಕಟ್ಟಿಕೊಂಡಿದ್ದ.

ರೂಬೆನ್ ಗಾಬರಿಯಾಗಲಿಲ್ಲ. “ತಳದ್ದು ಒಬದಾಯ. ಒಂದು ತಿಂಗಳು ತಾನೇ? ಹಾಕು” ಎಂದ.

ಕಚೇರಿಯಲ್ಲಿ ಮೇಜಿನ ಮೇಲೆ ಸುರಿದಾಗ ಎಲ್ಲರ ಹುಬ್ಬೂ ಏರಿತು. ಕಂದು ಬಣ್ಣದ ಒಳ್ಳೆಯ ಸಕ್ಕರೆ, ಒಂದು ಸಿಬಿರಿಲ್ಲ, ಒಂದು ಕೂದಲಿಲ್ಲ.

“ಹಡಗಿನ ತಳ ಇಷ್ಟು ಶುಚಿಯಾಗಿರತ್ತಾ?” ಎಂದರು ನ್ಯಾಯಾಧೀಶರು.

“ತಳದ್ದೇ ದೊರೆ” ಎಂದ ರೂಬೆನ್.

“ತಳದಲ್ಲಿ ಎಲ್ಲಿ ಗುಡಿಸಿದೆ? ಹೇಗೆ?”

ಅದಕ್ಕೆ ಅವನು ಬಾಯಿ ಬಿಡಲಿಲ್ಲ. ಗ್ರಿಂಡಲನ ಕಡೆ ತಿರುಗಿ ನಕ್ಕ. “ನಾನ್ಯಾಕೆ ಹೇಳ್ಬೇಕು? ಅವನಿದಾನಲ್ಲ. ನಾಲಿಗೆ ಮೇಲಿಡೋ ಒಬದಾಯ, ನಿಂಗೇ ಗೊತ್ತಾಗತ್ತೆ.”

ಆ ದಿನ ಕಚೇರಿ ನೋಡಲೆಂದು ಇಬ್ಬರು ಸಕ್ಕರೆ ವರ್ತಕರು ಬಂದು ಕುರ್ಚಿಯಲ್ಲಿ ಕೂತಿದ್ದರು. ನ್ಯಾಯಾಧೀಶರು ಅವರಿಗೆ, “ಈಗ ನೋಡಿ, ನಮ್ಮ ಗ್ರಿಂಡಲನ ವಿದ್ಯೆ” ಎಂದರು. ಹಾಗೆನ್ನದಿದ್ದರೆ ಏನಾಗುತ್ತಿತ್ತೋ. ಗ್ರಿಂಡಲ್ ಕೋಟು ಎಳೆದು ಸರಿಮಾಡಿಕೊಂಡ. ಚಿಟಿಕೆ ಬಾಯಿಗಿಟ್ಟು ಕಣ್ಣು ಮುಚ್ಚಿದ. ಬೆರಳು ಮೇಲೆ ಹೋಯಿತು. ನಾನು ಬಾಗಿಲ ಹತ್ತಿರ ನಿಂತು ಆ ಬೆರಳನ್ನೇ ನೋಡುತ್ತಿದ್ದೆ. ಎಂದಿಗಿಂತ ತುಸು ಹೆಚ್ಚು ಹೊತ್ತು ಅದು ಮೇಲೆಯೇ ಇತ್ತು.

“ಪೀಪಾಯಿದು” ಎಂದ. “ಜಮೈಕಾ. ಹಲಗೆ ಮುಟ್ಟಿಲ್ಲ.”

ವರ್ತಕರು ಸಣ್ಣಗೆ ಚಪ್ಪಾಳೆ ತಟ್ಟಿದರು. ರೂಬೆನನ ಮುಖದಲ್ಲಿದ್ದ ನಗು ಹೋಗುವುದನ್ನೇ ಮರೆತು ಅಲ್ಲಿಯೇ ನಿಂತಿತ್ತು. ಗುಮಾಸ್ತ ಬರೆದುಕೊಂಡ, ಗ್ರಿಂಡಲ್ ಬೈಬಲ್ ಮುಟ್ಟಿ ಸಹಿ ಹಾಕಿದ. ರೂಬೆನನನ್ನು ದೊಡ್ಡ ಕೋರ್ಟಿನ ವಿಚಾರಣೆಗೆಂದು ಜೈಲಿಗೆ ಒಯ್ದರು.

ದೋಣಿಗೆ ಬಂದ ಮೇಲೆ ಕೇಳಿದೆ, “ರುಚಿ ಸಿಕ್ತಾ?”

“ಬಣ್ಣ ನೋಡಿದ್ಯಲ್ಲ. ತಳದ್ದು ಅಷ್ಟು ಶುಚಿಯಾಗಿ ಎಲ್ಲಾದ್ರೂ ಇರತ್ತಾ? ನಾಲಿಗೆ ಸರಿಯಿದ್ದಿದ್ರೂ ಅದೇ ಹೇಳ್ತಿದ್ದೆ.”

“ಇದ್ದಿದ್ರೆ.”

“ಹುಟ್ಟು ಹಾಕು ನೀನು.”

ಹುಟ್ಟು ಹಾಕಿದೆ. ನನಗೆ ಬರುತ್ತಿದ್ದ ಕೆಲಸ ಅದೊಂದೇ.

ರೂಬೆನನ ಹೆಂಡತಿ ಕೆಜಾಯ ಎರಡು ದಿನ ಬಿಟ್ಟು ಕಚೇರಿಯ ಮೆಟ್ಟಿಲಿಗೆ ಬಂದಳು. ಜಗಳವಾಡಲಿಲ್ಲ. “ಹನ್ನೊಂದು ವರ್ಷ ನಮ್ಮನೇಲಿ ಊಟ ಮಾಡಿದೀರಿ ಗ್ರಿಂಡಲ್. ಅವನು ಪೀಪಾಯಿಗೆ ಕೈ ಹಾಕೋನಾ? ನೀವೇ ಹೇಳಿ” ಎಂದಳು.

“ಕಾನೂನು ಸ್ನೇಹ ನೋಡಲ್ಲ ತಾಯಿ” ಎಂದ ಗ್ರಿಂಡಲ್. ಮೂಗು ಕಟ್ಟಿದ್ದರಿಂದ ಆ ದೊಡ್ಡ ಮಾತೂ ಕಪ್ಪೆ ವಟಗುಟ್ಟಿದಂತೆ ಬಂತು. ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ.

ಶೀತ ಹಿಡಿದ ಎಂಟನೆಯ ದಿನ ಅವನ ಮನೆಯಲ್ಲಿ ಬಟಾಣಿ ಗಂಜಿ ಸೀದಿತ್ತು. ಒಂದು ಚಮಚ ಬಾಯಿಗಿಟ್ಟು, “ಸೀದಿದೆ” ಎಂದ. ಡಾರ್ಕಸ್, “ವಾರದಿಂದ ಸೀದದ್ದೇ ತಿಂತಿದೀಯ, ಇವತ್ತು ಗೊತ್ತಾಯ್ತಾ ದೊರೆಗೆ?” ಎಂದಳಂತೆ. ಅವನು ಚಮಚ ಅಲ್ಲಿಯೇ ಬಿಟ್ಟು ನೇರ ಕಚೇರಿಗೆ ಬಂದ. ರೂಬೆನನ ಸಕ್ಕರೆಯನ್ನು ಮಡಕೆಗೆ ತುಂಬಿ ಇಟ್ಟಿದ್ದ ಸಾಕ್ಷಿ ಸಾಮಾನಿನ ಕಪಾಟಿನ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ದೋಣಿ ಕಟ್ಟಿದ ಮೆಟ್ಟಿಲಿಗೆ ಇಳಿದು ಬಂದು ನನ್ನ ಪಕ್ಕ ಕೂತ.

“ಟಾರು” ಎಂದ.

“ಏನು?”

“ಆ ಸಕ್ಕರೇಲಿ ಟಾರಿನ ರುಚಿ. ಮೀನೆಣ್ಣೆ ಬೇರೆ. ಪೀಪಾಯಿ ಮರಕ್ಕೆ ಆ ರುಚಿ ಇಲ್ಲ. ಹಳೇ ಹಾಯಿಬಟ್ಟೆಗೆ ಇರತ್ತೆ.”

ಇಬ್ಬರೇ ಹೋಪ್‌ವೆಲ್‌ಗೆ ಹೋದೆವು. ಹಡಗಿನ ತಳದ ಮೂಲೆಯಲ್ಲಿ ಹಳೆಯ ಹಾಯಿಯೊಂದು ಮಡಿಸಿ ಬಿದ್ದಿತ್ತು. ಅದರ ಮಡಿಕೆಗಳಲ್ಲಿ ಸಕ್ಕರೆ ಇನ್ನೂ ಅಂಟಿಕೊಂಡಿತ್ತು. ಹಡಗಿನ ಕಿರಿಯ ಅಧಿಕಾರಿ ಡಾನ್ಸಿ ಎಂಬವನು ಸುತ್ತಮುತ್ತ ನೋಡಿ ಹೇಳಿದ: ಕ್ಯಾಪ್ಟನ್ ಜಿಪುಣ, ಸೋರಿದ್ದನ್ನೂ ತಾನೇ ಬಾಚಿಕೊಳ್ಳಲೆಂದು ಪೀಪಾಯಿಗಳ ಕೆಳಗೆ ಹಾಯಿ ಹಾಸಿಸಿದ್ದ, ಹಮಾಲಿಗಳ ಹಳೆಯ ಹಕ್ಕು ತಪ್ಪುತ್ತದಲ್ಲ ಎಂದು ಡಾನ್ಸಿಯೇ ಕದ್ದುಮುಚ್ಚಿ, ಗುಡಿಸಿಕೊಳ್ಳಿ ಎಂದಿದ್ದ. ರೂಬೆನ್ ಕಚೇರಿಯಲ್ಲಿ ಬಾಯಿ ಬಿಡದಿದ್ದದ್ದು ಇವನ ಕೆಲಸ ಉಳಿಯಲೆಂದು. ಗ್ರಿಂಡಲನ ನಾಲಿಗೆ ಇರುವಾಗ ಹೆಸರು ಹೇಳುವ ಅಗತ್ಯವೇ ಇಲ್ಲ ಎಂದುಕೊಂಡಿದ್ದ.

“ಕೋರ್ಟಲ್ಲಿ ಇದನ್ನೇ ಹೇಳ್ತೀರಾ?” ಎಂದ ಗ್ರಿಂಡಲ್.

“ಹೇಳಿದ್ರೆ ನನ್ನ ಇನ್ಯಾವ ಹಡಗಿಗೂ ಹತ್ತಿಸ್ಕೊಳ್ಳಲ್ಲ.”

“ನಾನು ಬೇಡ್ಕೋತೀನಿ.”

“ನೀವು ಪೊಲೀಸರು. ನೀವೇ ಹೇಳಿ.”

ಅಲ್ಲಿಂದ ಮುಂದಿನ ಆರು ದಿನಗಳ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಬೇಕು. ಗ್ರಿಂಡಲ್ ದಿನಾ ಡಾನ್ಸಿಯ ಹಿಂದೆ ಬಿದ್ದ. ಜಿನ್ ಕುಡಿಸಿದ, ಹಾವುಮೀನಿನ ಕಡುಬು ತಿನ್ನಿಸಿದ. ಡಾನ್ಸಿ ಬಂದು ಹಾಯಿಯ ವಿಷಯ ಹೇಳಿಬಿಟ್ಟರೆ, “ಹೌದು, ಹಾಯಿ ಇದ್ದರೆ ರುಚಿ ಬೇರೆಯಾಗುತ್ತದೆ” ಎಂದು ತಾನು ಗಂಭೀರವಾಗಿ ಬೆರಳೆತ್ತಬಹುದು. ರೂಬೆನನೂ ಉಳಿಯುತ್ತಾನೆ, ನಾಲಿಗೆಯ ಹೆಸರೂ ಉಳಿಯುತ್ತದೆ ಎಂಬುದು ಅವನ ಲೆಕ್ಕ.

“ಶೀತ ಆಗಿತ್ತು, ರುಚಿ ಗೊತ್ತಾಗ್ಲಿಲ್ಲ ಅಂತ ನ್ಯಾಯಾಧೀಶರಿಗೆ ಹೇಳು. ಒಂದೇ ಮಾತು” ಎಂದೆ.

“ಬೈಬಲ್ ಮುಟ್ಟಿದೀನಿ ಕಣೋ. ಆ ವರ್ತಕರ ಎದುರಿಗೆ.”

ಡಾರ್ಕಸ್‌ಗೂ ಗೊತ್ತಾಗಿತ್ತು. ನನ್ನ ಎದುರಿಗೇ ಅವನಿಗೆ ಅಂದಳು, “ನಿನ್ನ ನಾಲಿಗೆ ಏನು ರಾಜನ ಕಿರೀಟಾನಾ, ತೆಗೆದು ಕೆಳಗಿಟ್ರೆ ರಾಜ್ಯ ಮುಳುಗೋಕೆ? ನಾಳೆ ಬೆಳಿಗ್ಗೆ ಹೋಗಿ ಹೇಳ್ಬಿಡು.”

“ಇನ್ನೊಂದೆರಡು ದಿನ. ಡಾನ್ಸಿ ಮೆತ್ತಗಾಗಿದಾನೆ.”

ಡಾನ್ಸಿ ಮೆತ್ತಗಾಗಿದ್ದು ಜಿನ್ನಿನಿಂದ. ಏಳನೆಯ ದಿನ ಅವನು ಬೇರೊಂದು ಹಡಗು ಹತ್ತಿ ಹೋಗಿಬಿಟ್ಟಿದ್ದ. ಹೋಪ್‌ವೆಲ್‌ನ ಹಾಯಿಯನ್ನು ಚಿಂದಿಯವನಿಗೆ ಮಾರಿದ್ದರು, ಚಿಂದಿಯವನು ಕಾಗದದ ಕಾರ್ಖಾನೆಗೆ ಕೊಟ್ಟಿದ್ದ. ವಿಚಾರಣೆಗೆ ಉಳಿದದ್ದು ಸಕ್ಕರೆಯ ಮಡಕೆ ಮತ್ತು ಗ್ರಿಂಡಲ್.

ಡಿಸೆಂಬರಿನಲ್ಲಿ ದೊಡ್ಡ ಕೋರ್ಟಿನ ಕಟಕಟೆಗೆ ಗ್ರಿಂಡಲ್ ಹತ್ತಿದ. ಎದುರಿಗೆ ರೂಬೆನ್, ಜೈಲಿನಲ್ಲಿ ಅರ್ಧ ಇಳಿದುಹೋಗಿದ್ದ. ಮೇಲಿನ ಸಾಲಿನಲ್ಲಿ ಕೆಜಾಯಳ ಪಕ್ಕದಲ್ಲೇ ಡಾರ್ಕಸ್ ಕೂತಿದ್ದಳು. ಗ್ರಿಂಡಲನ ಮೊದಲ ಹೇಳಿಕೆಯನ್ನು ಓದಿ, ನಿಜ ತಾನೇ ಎಂದು ಕೇಳಿದರು.

“ಅಲ್ಲ ದೊರೆ” ಎಂದ. “ಆ ದಿನ ನಂಗೆ ಶೀತ ಆಗಿತ್ತು. ಏನೂ ರುಚಿ ಗೊತ್ತಾಗ್ತಿರ್ಲಿಲ್ಲ. ಸುಮ್ನೆ ಹೇಳ್ಬಿಟ್ಟೆ.”

ಕೋರ್ಟು ಸ್ವಲ್ಪ ನಕ್ಕಿತು.

“ಸುಮ್ಮನೆ ಯಾಕೆ ಹೇಳಿದೆ?”

“ಎಲ್ಲರೂ ನೋಡ್ತಿದ್ರು.”

ಈಗ ಜೋರಾಗಿ ನಕ್ಕಿತು. ಅವನು ಕಟಕಟೆ ಹಿಡಿದುಕೊಂಡು ಹಾಯಿಯ ಕತೆ, ಟಾರಿನ ಕತೆ ಎಲ್ಲ ಹೇಳಿದ. ಆ ದಿನ ಅವನು ಬೆರಳೆತ್ತಲಿಲ್ಲ. ಅವನ ಬಾಯಿಂದ ನಾನು ಕೇಳಿದ ಅತ್ಯಂತ ನೇರ ಮಾತು ಅದೇ. ಅದಕ್ಕೆ ಒಂದು ಸಾಕ್ಷಿಯೂ ಇರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಶೀತದ ವಿಷಯ ನನಗೆ ಗೊತ್ತಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ಕೇಳದೆ ಎದ್ದು ನಿಲ್ಲಬಾರದು ಅಂತಲೂ ಯಾರೂ ಹೇಳಿರಲಿಲ್ಲ.

ತೀರ್ಪು ಹೇಳಬೇಕಾದ ಹನ್ನೆರಡು ಜನ ಪಂಚರ ಮುಖಂಡ ನಗರದ ದಿನಸಿ ಅಂಗಡಿಯವನು. ದಪ್ಪ ಗಲ್ಲ, ಶುಭ್ರ ಕೈ. ಎದ್ದು ನಿಂತು, “ಮಾನ್ಯರು ಒಪ್ಪಿದರೆ ಆ ಮಡಕೆ ಇತ್ತ ಕೊಡಿ. ಮೂವತ್ತು ವರ್ಷ ಸಕ್ಕರೆ ಮಾರಿದ್ದೇನೆ” ಎಂದ.

ಮಡಕೆ ಅವನ ಕೈಗೆ ಹೋಯಿತು. ಅವನು ಬೆರಳದ್ದಿ ಚೀಪಿದ, ಚಾವಣಿ ನೋಡಿದ, ಮತ್ತೊಮ್ಮೆ ಅದ್ದಿದ. ಒಬ್ಬ ರುಚಿ ನೋಡಿದ ಮೇಲೆ ಮಿಕ್ಕವರು ಬಿಟ್ಟಾರೆಯೇ? ಮಡಕೆ ಸಾಲಿನುದ್ದಕ್ಕೂ ನಡೆಯಿತು. ಹನ್ನೆರಡು ಬೆರಳು, ಹನ್ನೆರಡು ಗಂಭೀರ ಮುಖ. ಮೇಣದಬತ್ತಿ ಮಾಡುವವನೊಬ್ಬ ಮೂರು ಸಲ ನೋಡಿದ, ಬೆಳಿಗ್ಗೆ ಏನೂ ತಿಂದಿರಲಿಲ್ಲವೋ ಏನೋ. ಗ್ರಿಂಡಲ್ ಕಟಕಟೆಯಲ್ಲಿ ನಿಂತು ಆ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಅಲ್ಲಿ ಏನು ನಡೆಯುತ್ತಿದೆ ಎಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ಕೋರ್ಟಿನಲ್ಲಿ ಬೇರೆ ಯಾರೂ ಇರಲಿಲ್ಲ.

“ಟಾರಿನ ವಾಸನೆ ಇರುವುದು ನಿಜ” ಎಂದ ಮುಖಂಡ. “ಹೊಳೆದಂಡೆಯ ಕಪಾಟಿನಲ್ಲಿ ಎರಡು ತಿಂಗಳು ಇಟ್ಟರೆ ನನ್ನ ಅಜ್ಜಿಗೂ ಟಾರಿನ ವಾಸನೆ ಬಂದೀತು. ಇದು ಪೀಪಾಯಿಯ ಸಕ್ಕರೆ. ಅನುಮಾನವೇ ಇಲ್ಲ.”

“ಮತ್ತೊಂದ್ಸಲ ನೋಡಿ ಸ್ವಾಮಿ” ಎಂದ ಗ್ರಿಂಡಲ್. “ಕಾಲು ಹಿಡ್ಕೋತೀನಿ. ನೀವು ಸುಮ್ನೆ ಹೇಳ್ತಿದೀರಿ. ನಂಗೊತ್ತು.”

ಅವನನ್ನು ಇಳಿಸಿ ಹೊರಗೆ ಕರೆದೊಯ್ದರು. ರೂಬೆನನಿಗೆ ಏಳು ವರ್ಷ ಸಮುದ್ರದಾಚೆ.

ಸುಳ್ಳು ಪ್ರಮಾಣಕ್ಕೆ ಗ್ರಿಂಡಲನ ಮೇಲೆ ಮೊಕದ್ದಮೆ ಹಾಕಲಿಲ್ಲ. ಕತ್ತಿ ವಾಪಸು ಪಡೆದು, ಸೋಮವಾರದಿಂದ ಬರಬೇಡ ಎಂದರು. ಹಮಾಲಿಗಳ ಗುಂಪು ಯಾವುದೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಹಗ್ಗದ ಚೂರು ಬಿಡಿಸಿ ನಾರು ಮಾಡುವ ಕೆಲಸ ಹಿಡಿದ. ಮುದುಕರು, ಕುಂಟರು ಮಾಡುವ ಕೆಲಸ ಅದು.

ರೂಬೆನನನ್ನು ವುಲ್‌ವಿಚ್ಚಿನ ಬಂದಿಗಳ ಹಡಗಿನಲ್ಲಿ ಇಟ್ಟಿದ್ದಾಗ ನಾನು ಗ್ರಿಂಡಲನನ್ನು ಒಮ್ಮೆ ದೋಣಿಯಲ್ಲಿ ಒಯ್ದೆ. ಕಾಲಿಗೆ ಸರಪಳಿ ಹಾಕಿಕೊಂಡು ರೂಬೆನ್ ಅಂಚಿನ ಹತ್ತಿರ ಬಂದ.

“ಶೀತ ಅಂತ ನಂಗೆ ಕಿವಿಯಲ್ಲಿ ಅಂದಿದ್ರೆ ಸಾಕಿತ್ತಲ್ಲೋ” ಎಂದ. “ಹಾಯಿ ವಿಷ್ಯ ನಾನೇ ಹೇಳ್ಬಿಡ್ತಿದ್ದೆ. ನಿನ್ನ ನಾಲಿಗೆ ಹೇಳಿದ್ಮೇಲೆ ನನ್ನ ಮಾತು ಯಾರು ನಂಬ್ತಿದ್ರು?”

ಗ್ರಿಂಡಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

“ಕೆಜಾಯಂಗೆ ಸೊಂಟ ಸರಿಯಿಲ್ಲ. ನೀರು ಹೊರೋಕಾಗಲ್ಲ” ಎಂದು ಹೇಳಿ ರೂಬೆನ್ ಒಳಗೆ ಹೋದ.

ಮರುದಿನದಿಂದ ಗ್ರಿಂಡಲ್ ಬೆಳಿಗ್ಗೆ ಏಳಕ್ಕೆ ಬೀದಿಯ ಪಂಪಿನಲ್ಲಿ ಒಂದು ಬಕೆಟ್ ನೀರು ತುಂಬಿ, ಎರಡು ಮಾಳಿಗೆ ಹತ್ತಿ ಕೆಜಾಯಳ ಬಾಗಿಲಲ್ಲಿ ಇಡತೊಡಗಿದ. ಹಿಂದಿನ ದಿನದ ಖಾಲಿ ಬಕೆಟ್ ಹೊರಗೆ ಇರುತ್ತಿತ್ತು. ಅವನ ಹೆಜ್ಜೆ ಇಳಿದು ಹೋಗುವ ತನಕ ಬಾಗಿಲು ತೆರೆಯುತ್ತಿರಲಿಲ್ಲ. ಮಂಜಾಗಲಿ, ಮಂಜುಗಡ್ಡೆಯಾಗಲಿ, ಒಂದು ದಿನ ತಪ್ಪಲಿಲ್ಲ. ಪಂಪಿನ ಹತ್ತಿರದ ಹೆಂಗಸರು, “ಬಂದ್ರು ನೋಡಿ ನೀರಿನ ನ್ಯಾಯಾಧೀಶರು, ದಾರಿ ಬಿಡಿ” ಎನ್ನುವರು. ಅವನು ತನ್ನ ಸರದಿಗೆ ಕಾಯುವನು. ಒಮ್ಮೆ ನನಗೆ ಹೇಳಿದ, “ಏಳು ವರ್ಷ ತಾನೇ. ಅವನು ಬರೋವರೆಗೆ.”

ಎರಡನೆಯ ಚಳಿಗಾಲದಲ್ಲಿ ಒಬ್ಬ ನಾವಿಕ ಸುದ್ದಿ ತಂದ. ರೂಬೆನ್ ದಾರಿಯಲ್ಲೇ ಜ್ವರ ಬಂದು ತೀರಿಹೋಗಿದ್ದ. ಅರ್ಧ ದಾರಿ ಕೂಡ ಆಗಿರಲಿಲ್ಲ. ಅಂದರೆ ಗ್ರಿಂಡಲ್ ಹೊತ್ತ ಬಹುಪಾಲು ನೀರು ಸತ್ತವನನ್ನು ಕಾಯುತ್ತಾ ಹೊತ್ತದ್ದು.

ಮರುದಿನವೂ ಅವನು ಹೋದ. ನಾನು ಜೊತೆಗಿದ್ದೆ, ಕೆಳಗಿನ ಮೆಟ್ಟಿಲಲ್ಲಿ ನಿಂತೆ. ಬಕೆಟ್ ಇಡುವಾಗ ಮೊದಲ ಸಲ ಬಾಗಿಲು ತೆರೆಯಿತು.

“ನಾಳೆಯಿಂದ ಬೇಡ” ಎಂದಳು ಕೆಜಾಯ.

“ಸೊಂಟ ಸರಿಯಿಲ್ಲ ಅಂತ ಅವನು…”

“ಸರಿಯಿಲ್ಲ. ಆದ್ರೂ ಬೇಡ. ಏಳು ವರ್ಷ ಹೊತ್ರೆ ಮುಗಿಯತ್ತೆ ಅಂದ್ಕೊಂಡಿದ್ರಿ ನೀವು. ಇನ್ನು ಮುಗಿಯಲ್ಲ. ನಂಗೆ ದಿನಾ ನಿಮ್ಮ ಹೆಜ್ಜೆ ಕೇಳೋಕಾಗಲ್ಲ.”

ಬಾಗಿಲು ಹಾಕಿಕೊಂಡಿತು. ಅವಳು ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮಾರನೆಯ ಬೆಳಿಗ್ಗೆ ಏಳಕ್ಕೆ ಅವನು ಪಂಪಿನ ಹತ್ತಿರ ಇದ್ದ. ಸರದಿ ಬಂದಾಗ ತುಂಬಿಕೊಂಡ. ಆಮೇಲೆ ಎತ್ತ ಹೋಗಬೇಕೆಂದು ತಿಳಿಯದೆ ಬೀದಿಯ ಮಧ್ಯೆ ನಿಂತ. ಕೊನೆಗೆ ತನ್ನ ಮನೆಗೆ ಹೊತ್ತು ತಂದ. ಡಾರ್ಕಸ್ ಆಗಲೇ ನೀರು ತಂದು, ಮನೆ ಒರೆಸಿ ಆಗಿತ್ತು. ಬಾಗಿಲಲ್ಲಿ ಬಕೆಟ್ ಹಿಡಿದು ನಿಂತವನನ್ನು ಅವಳು ಒಂದು ಗಳಿಗೆ ನೋಡಿದಳು. ಅಷ್ಟು ವರ್ಷಗಳಲ್ಲಿ ಅವನಿಗೆ ಒಂದು ಕುಟುಕು ಮಾತು ಹೇಳದೆ ಬಿಟ್ಟದ್ದು ಅವತ್ತೊಂದು ದಿನವೇ ಇರಬೇಕು. ಬಕೆಟ್ ತೆಗೆದುಕೊಂಡಳು, ಲಂಗದ ಅಂಚು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿ, ಒರೆಸಿದ ನೆಲವನ್ನೇ ಮತ್ತೆ ಒರೆಸತೊಡಗಿದಳು.